ಒಂದು ಕಡೆ ಕುಸಿದ ಕುರ್ಚಿ

"ಮತ್ತೆ ಅದೇ ಕುರ್ಚಿನಾ?" ಎಂದಳು ನಾದಿನಿ, ಹೊಲಿಗೆ ಯಂತ್ರದ ಪೆಡಲಿನಿಂದ ಕಾಲು ತೆಗೆಯದೆ. "ಎರಡು ತಿಂಗಳಲ್ಲಿ ಇದು ಮೂರನೇ ಸಲ ಅತ್ತಿಗೆ. ಗಿರಾಕಿಗಳ ಕುರ್ಚಿಗೂ ನಮ್ಮಲ್ಲಿ ಇಷ್ಟು ಉಪಚಾರ ಇಲ್ಲ."

ಅತ್ತಿಗೆ ತನ್ನ ಕೆಲಸದ ಕುರ್ಚಿಯನ್ನು ಮೇಜಿನ ಮೇಲೆ ಬೋರಲು ಮಲಗಿಸಿ, ತಳದ ಪಿನ್ನುಗಳನ್ನು ಇಕ್ಕಳದಿಂದ ಕೀಳುತ್ತಿದ್ದಳು. ಪಿನ್ನುಗಳು ಒಂದೊಂದಾಗಿ ತಗಡಿನ ಡಬ್ಬಿಗೆ ಬೀಳುತ್ತಿದ್ದವು.

"ಕಚ್ಚುತ್ತೆ ಕಣೇ ಇದು. ಕೂತು ಹತ್ತು ನಿಮಿಷ ಆಗಲ್ಲ, ಬಲಗಡೆ ತೊಡೆ ಬುಡಕ್ಕೆ ಒತ್ತೋಕೆ ಶುರು ಮಾಡುತ್ತೆ. ಫೋಮೇ ಕಳಪೆ. ಆ ಅಂಗಡಿಯವನು ಹಳೇ ಮಾಲು ತಂದು ನಮ್ಮ ತಲೆಗೆ ಕಟ್ಟಿದಾನೆ."

"ಹೋದ ಸಲ ಕೆಳಗಿನ ಪಟ್ಟಿ ಸಡಿಲ ಅಂದ್ರಿ."

"ಪಟ್ಟಿನೂ ಸಡಿಲ ಇತ್ತು. ಎರಡೂ ನಿಜ." ಅತ್ತಿಗೆ ರೆಕ್ಸಿನ್ ಹೊದಿಕೆಯನ್ನು ಸರ್ರನೆ ಎಳೆದಳು. ಒಳಗಿನ ಫೋಮನ್ನು ಅದರ ಬೂದು ಬಟ್ಟೆಯ ಸಮೇತ ಹಿಡಿದು, ನೋಡುವ ಗೊಡವೆಗೂ ಹೋಗದೆ ಮೂಲೆಯ ಚೂರುಗಳ ರಾಶಿಗೆ ಎಸೆದಳು. ಆಮೇಲೆ ಗಟ್ಟಿ ಫೋಮಿನ ಹೊಸ ಹಲಗೆ ತೆಗೆದುಕೊಂಡು ಅಳತೆ ಹಾಕತೊಡಗಿದಳು.

ನೋಡದೆ ಎಸೆದಳು ಎಂಬುದೇ ಇಲ್ಲಿ ವಿಶೇಷ. ಯಾಕೆಂದರೆ ಕುಶನ್ ಕೆಲಸದ ಆ ಅಂಗಡಿಯಲ್ಲಿ ಅತ್ತಿಗೆ ನೋಡದೆ ಎಸೆದ ಫೋಮು ಬಹುಶಃ ಅದೊಂದೇ. ಇಪ್ಪತ್ತೆರಡು ವರ್ಷಗಳಿಂದ ಅವಳು ಸೋಫಾ, ಕುರ್ಚಿ, ಗಾಡಿಗಳ ಸೀಟು ಬಿಚ್ಚಿ ಕಟ್ಟುತ್ತ ಬಂದವಳು. ಯಾವ ಕುರ್ಚಿ ಬಂದರೂ ಮೊದಲು ಹಳೆಯ ಫೋಮನ್ನು ಹೊರಗೆಳೆದು, ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ, ಅದು ಎಷ್ಟು ಹೊತ್ತಿಗೆ ಮೇಲೇಳುತ್ತದೆ ಎಂದು ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಆಮೇಲೆ ಗಿರಾಕಿಯ ಕಡೆ ತಿರುಗಿ, "ನಿಮ್ಮ ಯಜಮಾನರಿಗೆ ಎಡ ಮಂಡಿ ನೋವಿದೆ ಅಲ್ವಾ? ಏಳುವಾಗ ಬಲಗೈ ಊರಿ ಏಳ್ತಾರೆ," ಅನ್ನುವಳು. ಗಿರಾಕಿ ಬಾಯಿ ಬಿಟ್ಟುಕೊಂಡು ನಿಲ್ಲುವುದು ಅವಳಿಗೆ ಬಲು ಇಷ್ಟದ ನೋಟ. ಒಮ್ಮೆ ಒಬ್ಬ ಹಿರಿಯ ಅಧಿಕಾರಿಯ ಕುರ್ಚಿ ನೋಡಿ, "ಇವರು ಕುರ್ಚೀಲಿ ಕೂರೋದೇ ಇಲ್ಲ, ನಿದ್ದೆ ಮಾಡ್ತಾರೆ," ಎಂದಿದ್ದಳು. ಕುರ್ಚಿ ತಂದಿದ್ದ ಜವಾನ ನಗು ತಡೆಯಲಾರದೆ ಅಂಗಡಿಯಿಂದ ಹೊರಗೆ ಹೋಗಿದ್ದ. ಹೀಗಾಗಿ ಆ ಬೀದಿಯಲ್ಲಿ ಅವಳಿಗೆ ಬಿದ್ದ ಹೆಸರು ಕುರ್ಚಿ ಡಾಕ್ಟರ್. ಹೆಸರಿಗೆ ಅವಳ ಅಭ್ಯಂತರವೇನೂ ಇರಲಿಲ್ಲ.

ನಿಜವಾದ ಡಾಕ್ಟರರ ಪರಿಚಯವೂ ಅವಳಿಗೆ ಚೆನ್ನಾಗಿಯೇ ಇತ್ತು. ನಾಲ್ಕು ವರ್ಷಗಳ ಹಿಂದೆ ಎಡ ಎದೆಯಲ್ಲಿ ಗಂಟು ಕಂಡು, ಅದು ಕ್ಯಾನ್ಸರ್ ಎಂದು ಗೊತ್ತಾಗಿ, ಎದೆಯನ್ನೇ ತೆಗೆಸಬೇಕಾಯಿತು. ಕೂದಲು ಉದುರಿತು, ಮತ್ತೆ ಬೆಳೆಯಿತು. ಆಸ್ಪತ್ರೆಯವರು ಒಳಉಡುಪಿನೊಳಗೆ ಇಟ್ಟುಕೊಳ್ಳಲು ಕೊಟ್ಟ ಮೆತ್ತೆಯನ್ನು ಅವಳು ಎರಡು ದಿನ ನೋಡಿ, "ಯಾರು ಮಾಡಿದ್ದು ಇದನ್ನ? ಕೆಲಸ ಬರಲ್ಲ ಅವರಿಗೆ," ಎಂದು ಪಕ್ಕಕ್ಕಿಟ್ಟು, ಮೂರು ಬಗೆಯ ಫೋಮನ್ನು ಪದರ ಪದರವಾಗಿ ಕತ್ತರಿಸಿ ಅಂಟಿಸಿ ತನಗೆ ತಾನೇ ಒಂದು ಮಾಡಿಕೊಂಡಳು. ಅದನ್ನು ನೋಡಿದ ಆಸ್ಪತ್ರೆಯ ನರ್ಸಮ್ಮ ಬೇರೆ ರೋಗಿಗಳಿಗೆಂದು ಮತ್ತೆ ಹನ್ನೊಂದು ಮಾಡಿಸಿಕೊಂಡು ಹೋದರು. ಈಗ ದಿನಕ್ಕೊಂದು ಮಾತ್ರೆ, ಆರು ತಿಂಗಳಿಗೊಮ್ಮೆ ತಪಾಸಣೆ. ಪ್ರತಿ ತಪಾಸಣೆಯಲ್ಲೂ ನರ್ಸಮ್ಮ ಕಾರ್ಡು ಹಿಡಿದು, "ಹೊಸ ನೋವು ಏನಾದ್ರೂ ಇದೆಯಾ?" ಎಂದು ಕೇಳುವರು. "ಹೊಸದೇನಿಲ್ಲ, ಎಲ್ಲಾ ಹಳೇವೇ," ಎಂದು ಅತ್ತಿಗೆ ನಗುವಳು. ಬಗ್ಗಿ, ಎಳೆದು, ಹೊತ್ತು ಮಾಡುವ ಕೆಲಸ. ಸೊಂಟ, ಬೆನ್ನು, ಹೆಗಲು ಇವಕ್ಕೆ ನೋವು ಇಲ್ಲದ ದಿನವೇ ಇಲ್ಲ. ನೋವನ್ನೆಲ್ಲ ಪಟ್ಟಿ ಮಾಡುತ್ತ ಕೂತರೆ ಕಾರ್ಡು ಸಾಲುವುದಿಲ್ಲ ಎಂಬುದು ಅವಳ ವಾದ.

ಈಗಂತೂ ಪಟ್ಟಿ ಮಾಡಲು ಪುರುಸೊತ್ತೂ ಇರಲಿಲ್ಲ. ಹತ್ತು ವರ್ಷದಿಂದ ಮುಚ್ಚಿದ್ದ ಹಳೆಯ ನಾಟಕದ ಥಿಯೇಟರನ್ನು ಮತ್ತೆ ತೆರೆಯುತ್ತಿದ್ದರು. ಅದರ ಇನ್ನೂರ ಇಪ್ಪತ್ತು ಕುರ್ಚಿಗಳ ಕೆಲಸ ಇವರ ಪಾಲಿಗೆ ಬಂದಿತ್ತು. ಅಷ್ಟು ದೊಡ್ಡ ಕೆಲಸ ಆ ಅಂಗಡಿ ಕಂಡಿರಲಿಲ್ಲ. "ಒಂದೊಂದು ಕುರ್ಚಿನೂ ನನ್ನ ಕೈ ದಾಟಿಯೇ ಬರುತ್ತೆ," ಎಂದು ಅತ್ತಿಗೆ ಥಿಯೇಟರಿನ ಮ್ಯಾನೇಜರಿಗೆ ಮಾತು ಕೊಟ್ಟಿದ್ದಳು. ಅವಳ ಗಂಡ ತನ್ನ ಗೂಡ್ಸ್ ಗಾಡಿಯಲ್ಲಿ ಸಲಕ್ಕೆ ಇಪ್ಪತ್ತರಂತೆ ತಂದು ಹಾಕುತ್ತಿದ್ದ. ಅವನು ಒಂದು ತುದಿ ಹಿಡಿದರೆ ಅವಳು ಇನ್ನೊಂದು ತುದಿ ಹಿಡಿದು ಇಳಿಸುತ್ತಿದ್ದಳು. ನೂರಾ ಅರವತ್ತು ಮುಗಿದಿದ್ದವು.

ಅಂದು ಸಂಜೆ ಅತ್ತಿಗೆ ಮನೆಗೆ ಹೋದ ಮೇಲೆ ನಾದಿನಿ ಅಂಗಡಿ ಗುಡಿಸಿದಳು. ಫೋಮಿನ ಚೂರುಗಳನ್ನು ಪುಡಿ ಮಾಡಿ ದಿಂಬಿಗೆ ತುಂಬುವುದು ಅವಳ ಕೆಲಸ. ರಾಶಿಯಿಂದ ಒಂದೊಂದೇ ತೆಗೆದು ಚೀಲಕ್ಕೆ ಹಾಕುತ್ತಿದ್ದವಳಿಗೆ ಬೂದು ಬಟ್ಟೆ ಸುತ್ತಿದ ಆ ಫೋಮು ಕೈಗೆ ಬಂತು. ಪುಡಿ ಮಾಡುವ ಮುಂಚೆ ಪ್ರತಿ ಫೋಮನ್ನೂ ಒಮ್ಮೆ ಓದಬೇಕು ಎಂದು ಕಲಿಸಿದವಳು ಅತ್ತಿಗೆಯೇ. ಒಂಬತ್ತು ವರ್ಷದ ಅಭ್ಯಾಸ. ನಾದಿನಿ ಬಟ್ಟೆ ಬಿಚ್ಚಿದಳು.

ಎರಡು ತಿಂಗಳಷ್ಟೇ ಬಳಸಿದ ಫೋಮು. ಎಡಭಾಗ ಕುಸಿದು ಹಪ್ಪಳವಾಗಿತ್ತು. ಬಲಭಾಗ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇತ್ತು, ಅಂಚು ಕೂಡ ಮುದುಡಿರಲಿಲ್ಲ. ಅವಳು ಎರಡೂ ಕಡೆ ಅಂಗೈ ಒತ್ತಿ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಆಮೇಲೆ ಅದನ್ನು ಚೀಲಕ್ಕೆ ಹಾಕದೆ ಹೊಲಿಗೆ ಯಂತ್ರದ ಕೆಳಗೆ ಸೇರಿಸಿಟ್ಟು, ದೀಪ ಆರಿಸಿದಳು.

ನೇರವಾಗಿ ಹೇಳಿದರೆ ಅತ್ತಿಗೆ ಕೇಳುವವಳಲ್ಲ. ಫೋಮು ಕಳಪೆ ಎನ್ನುತ್ತಾಳೆ, ಅಂಗಡಿಯವನಿಗೆ ಬೈಯುತ್ತಾಳೆ, ಮಾತು ಹಾರಿಸುತ್ತಾಳೆ. ಇದು ನಾದಿನಿಗೆ ಗೊತ್ತಿದ್ದ ಸಂಗತಿ. ಅದಕ್ಕೇ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಚಹಾ ಲೋಟ ಕೈಗೆ ಕೊಟ್ಟ ಮೇಲೆ, ಬರೀ ಫೋಮನ್ನು ತಂದು ಮೇಜಿನ ಮೇಲಿಟ್ಟಳು.

"ಒಂದು ಕುರ್ಚಿ ಬಂದಿದೆ ಅತ್ತಿಗೆ. ಸ್ವಲ್ಪ ನೋಡಿ. ನನಗೆ ಸರಿಯಾಗಿ ತಿಳೀತಾ ಇಲ್ಲ."

"ನಿನಗೆ ತಿಳಿಯದೇ ಇರೋದಾ?" ಅತ್ತಿಗೆ ಹುಬ್ಬೇರಿಸಿದಳು. ಆದರೂ ಹೊಗಳಿಕೆ ಹಿಡಿಸಿತು. ಎಡಗೈಯಲ್ಲಿ ಲೋಟ ಹಿಡಿದು ಬಲ ಅಂಗೈಯನ್ನು ಫೋಮಿನ ಮೇಲಿಟ್ಟಳು. ಒಂದು ಕಡೆ ಒತ್ತಿದಳು, ಬಿಟ್ಟಳು. ಇನ್ನೊಂದು ಕಡೆ ಒತ್ತಿದಳು. ಬೆರಳ ತುದಿಯಿಂದ ಮುಂದಿನ ಅಂಚನ್ನು ಸವರಿದಳು.

"ಹೆಂಗಸು," ಎಂದಳು. "ಕೂತು ಕೆಲಸ ಮಾಡೋಳು. ಕೂತಲ್ಲೇ ಬಗ್ಗುತಾಳೆ, ಮುಂದಿನ ಅಂಚು ನೋಡು. ಬಲಗಡೆ ಭಾರ ಬಿಡೋದೇ ಇಲ್ಲ. ಸುಮ್ಮನೆ ವಾಲಿ ಕೂರೋ ಚಾಳಿ ಅಲ್ಲ ಇದು. ವಾಲಿ ಕೂರೋರು ಆಗಾಗ ಮಗ್ಗಲು ಬದಲಾಯಿಸ್ತಾರೆ, ಈ ಕಡೆ ಒಂದಿಷ್ಟಾದ್ರೂ ಸವೀಬೇಕಿತ್ತು. ಇವಳು ಬಲಗಡೆ ಸೊಂಟ ಎತ್ತಿಕೊಂಡೇ ಕೂರ್ತಾಳೆ. ಅಲ್ಲೇನೋ ಇದೆ. ಮಾಂಸದ್ದಲ್ಲ, ಒಳಗಿಂದು."

"ಎಷ್ಟು ದಿನದ್ದು?"

"ಎರಡು ತಿಂಗಳ ಮೇಲೇ ಆಯ್ತು." ಒಂದು ಗುಟುಕು ಚಹಾ ಕುಡಿದಳು. "ಪಾಪ, ಕುರ್ಚಿ ತಂದು ಇಲ್ಲಿ ಹಾಕಿದಾಳಲ್ಲ. ಇದಕ್ಕೆ ನಾನೇನು ಮಾಡಲಿ? ಕುರ್ಚಿ ಚೆನ್ನಾಗೇ ಇದೆ. ಅವಳಿಗೆ ಹೇಳು, ಈ ವಾರಾನೇ ಡಾಕ್ಟರ್ ಹತ್ರ ಹೋಗು ಅಂತ. ಯಾರದು?"

ನಾದಿನಿ ಬೂದು ಬಟ್ಟೆಯನ್ನು ತಂದು ಫೋಮಿನ ಪಕ್ಕ ಹರಡಿದಳು. ಅದರ ಮೂಲೆಯಲ್ಲಿ ಅತ್ತಿಗೆಯ ಕೈಬರಹದಲ್ಲೇ ಸೀಮೆಸುಣ್ಣದಿಂದ 'ನಂದು' ಎಂದು ಬರೆದಿತ್ತು.

ಅತ್ತಿಗೆ ಬಟ್ಟೆಯನ್ನು ನೋಡಿದಳು. ಫೋಮನ್ನು ನೋಡಿದಳು. ಲೋಟವನ್ನು ಮೇಜಿನ ಮೇಲಿಟ್ಟಳು. ಅವಳ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು.

"ನಾನು ಕಲಿಸಿದ ವಿದ್ಯೆ ನನ್ನ ಮೇಲೇ ಪ್ರಯೋಗನಾ?"

"ಮತ್ತಿನ್ಯಾರ ಮೇಲೆ ಮಾಡಲಿ?"

"ಇನ್ನು ಅರವತ್ತು ಕುರ್ಚಿ ಬಾಕಿ ಇದೆ ಕಣೇ. ಐದು ವಾರಕ್ಕೆ ಹೇಗೂ ತಪಾಸಣೆಗೆ ಹೋಗೋದಿದೆ. ಅವಾಗ ಹೇಳಿದ್ರಾಯ್ತು."

"ಈ ವಾರಾನೇ ಅಂದೋರು ಯಾರು? ಗಿರಾಕಿಗೊಂದು ನ್ಯಾಯ, ನಿಮಗೊಂದು ನ್ಯಾಯನಾ?" ನಾದಿನಿ ದನಿ ಜೋರು ಮಾಡಿದಳು. "ಎರಡು ವಾರಕ್ಕಿಂತ ಜಾಸ್ತಿ ಇರೋ ನೋವು ಯಾವುದೇ ಇರಲಿ, ಕಾಯದೆ ಬನ್ನಿ ಅಂತ ಆ ಡಾಕ್ಟರ್ ಹೇಳಿದಾಗ ನಾನೂ ಪಕ್ಕದಲ್ಲೇ ಕೂತಿದ್ದೆ. ನೀವು ತಲೆ ಆಡಿಸಿದ್ರಿ. ನಾನು ಕೇಳಿಸ್ಕೊಂಡೆ."

ಅತ್ತಿಗೆ ಮತ್ತೊಮ್ಮೆ ಅಂಗೈಯನ್ನು ಬಲಭಾಗದ ಮೇಲಿಟ್ಟಳು. ಈ ಎರಡು ತಿಂಗಳು ಅವಳು ಫೋಮು ಬದಲಿಸಿದ್ದಳು, ಪಟ್ಟಿ ಬದಲಿಸಿದ್ದಳು, ಮತ್ತೆ ಫೋಮು ಬದಲಿಸಿದ್ದಳು. ಕುರ್ಚಿಯನ್ನು ಇಷ್ಟು ಚೆನ್ನಾಗಿ ರಿಪೇರಿ ಮಾಡುವುದು ಗೊತ್ತಿಲ್ಲದ ಬೇರೆ ಯಾರಾದರೂ ಆಗಿದ್ದರೆ, ಎಂದೋ ಡಾಕ್ಟರ ಬಳಿ ಹೋಗಿರುತ್ತಿದ್ದರು.

"ನಿಮ್ಮಣ್ಣಂಗೆ ಈಗಲೇ ಹೇಳಬೇಡ," ಎಂದಳು. "ಆ ಫೋಮನ್ನ ಒಂದು ಚೀಲಕ್ಕೆ ಹಾಕು."

ಆಸ್ಪತ್ರೆಯ ತಪಾಸಣೆ ವಿಭಾಗದ ಹೊರಗಿನ ಕೋಣೆಯಲ್ಲಿ ಸಾಲಾಗಿ ಹನ್ನೆರಡು ಕುರ್ಚಿ. ನಾಲ್ಕು ವರ್ಷದಿಂದ ಅತ್ತಿಗೆಗೆ ಆ ಕುರ್ಚಿಗಳ ಪರಿಚಯವಿತ್ತು. ಪ್ರತಿ ಸಲ ಬಂದಾಗಲೂ ಆಡುವ ಮಾತನ್ನೇ ಅಂದೂ ಆಡಿದಳು.

"ನೋಡೇ. ಮುಂದಿನ ಅಂಚೆಲ್ಲಾ ಕಿತ್ತು ಬಂದಿದೆ. ಬೆನ್ನಿನ ಕಡೆ ಹೊಸದಿದ್ದ ಹಾಗೇ ಇದೆ. ಇಲ್ಲಿಗೆ ಬರೋರು ಯಾರೂ ಒರಗಿ ಕೂತೇ ಇಲ್ಲ. ಎಲ್ಲರೂ ತುದೀಲೇ."

ಹಾಗೆಂದವಳು ತಾನೂ ತುದಿಯಲ್ಲೇ ಕೂತಿದ್ದಳು, ಬಲಗಡೆ ಸೊಂಟ ಎತ್ತಿಕೊಂಡು. ನಾದಿನಿ ನೋಡಿಯೂ ನೋಡದವಳಂತೆ ಇದ್ದಳು.

ನರ್ಸಮ್ಮ ಕಾರ್ಡು ಹಿಡಿದು ಬಂದರು. "ಏನು, ಐದು ವಾರ ಮುಂಚೆನೇ ನಮ್ಮ ನೆನಪಾಯ್ತಾ? ಹೊಸ ನೋವು ಏನಾದ್ರೂ..." ಎಂದು ರೂಢಿಯಂತೆ ಶುರು ಮಾಡಿ, ಹಳೆಯ ಉತ್ತರವನ್ನೇ ಬರೆಯಲು ಪೆನ್ನು ಊರಿದ್ದರು.

"ಇದೆ," ಎಂದಳು ಅತ್ತಿಗೆ.

ನರ್ಸಮ್ಮನ ಪೆನ್ನು ನಿಂತಿತು.

ಒಳಗಿದ್ದ ಡಾಕ್ಟರಮ್ಮನಿಗೆ ನಲವತ್ತರ ಆಸುಪಾಸು, ಮಾತು ಕಡಿಮೆ, ಕಿವಿ ಚುರುಕು. "ಹಳೇ ರಿಪೋರ್ಟ್ ಏನಾದ್ರೂ ತಂದಿದೀರಾ?" ಎಂದು ಕೇಳಿದರು.

"ಹೊಸದೇ ತಂದಿದೀನಿ," ಎಂದು ಅತ್ತಿಗೆ ಚೀಲದಿಂದ ಫೋಮು ತೆಗೆದು ಅವರ ಮೇಜಿನ ಮೇಲಿಟ್ಟಳು. "ಎರಡೂ ಕಡೆ ಒತ್ತಿ ನೋಡಿ ಡಾಕ್ಟ್ರೇ."

ಡಾಕ್ಟರಮ್ಮ ಮೊದಲು ನಕ್ಕರು. ಆಮೇಲೆ, ಇದೂ ಒಂದು ಇರಲಿ ಎಂಬಂತೆ ಎಡಗಡೆ ಒತ್ತಿದರು, ಬಲಗಡೆ ಒತ್ತಿದರು. ನಗು ನಿಧಾನಕ್ಕೆ ಇಳಿಯಿತು. "ಎಷ್ಟು ದಿನದ್ದಿದು?" ಎಂದರು. ಮಲಗಿದಾಗಲೂ ನೋಯುತ್ತದೆಯೇ, ಸುಮ್ಮನಿದ್ದರೆ ಕಡಿಮೆಯಾಗುತ್ತದೆಯೇ, ಕಾಲು ಊರಿದ ಕೂಡಲೇ ಚುಚ್ಚುತ್ತದೆಯೇ ಎಂದು ಒಂದೊಂದಾಗಿ ಕೇಳಿದರು. ದುಡಿದು ಬಂದ ನೋವಾದರೆ ವಿಶ್ರಾಂತಿಗೆ ತಗ್ಗಬೇಕು, ಇದು ತಗ್ಗುತ್ತಿರಲಿಲ್ಲ. ಅತ್ತಿಗೆಯನ್ನು ಮಂಚದ ಮೇಲೆ ಮಲಗಿಸಿ ಬಲಗಾಲನ್ನು ಮೆಲ್ಲಗೆ ಎತ್ತಿ ಒಳಕ್ಕೆ ತಿರುಗಿಸಿದರು. ಅತ್ತಿಗೆ ಮುಷ್ಟಿ ಬಿಗಿದಳು, ಸದ್ದು ಮಾಡಲಿಲ್ಲ.

"ಇಷ್ಟು ದಿನ ಯಾಕೆ ಬರಲಿಲ್ಲ?"

"ಕುರ್ಚಿ ಸರಿ ಇಲ್ಲ ಅಂದ್ಕೊಂಡೆ."

ಡಾಕ್ಟರಮ್ಮ ಕೂಡಲೇ ಎಕ್ಸ್‌ರೇಗೆ ಬರೆದರು. ಅಲ್ಲಿಯವರೆಗೂ ಕಾಲೂರಿ ನಡೆಯಕೂಡದು ಎಂದು ಗಾಲಿಕುರ್ಚಿ ತರಿಸಿದರು. ಅದರ ಸೀಟು ಜೋತುಬಿದ್ದು ತೊಟ್ಟಿಲಾಗಿತ್ತು. "ಇದನ್ನ ನನ್ನ ಅಂಗಡಿಗೆ ಕಳಿಸಿ," ಎಂದು ಅತ್ತಿಗೆ ಗಾಲಿಕುರ್ಚಿ ತಳ್ಳುವವನಿಗೆ ಹೇಳಿದಳು. ನಾದಿನಿಗೆ ಮಾತ್ರ ನಗು ಬರಲಿಲ್ಲ.

ಎಕ್ಸ್‌ರೇಯಲ್ಲಿ ತೊಡೆ ಮೂಳೆ ಅನುಮಾನ ಹುಟ್ಟಿಸಿದ್ದರಿಂದ, ಎರಡು ದಿನ ಬಿಟ್ಟು ಮೂಳೆಯ ಸ್ಕ್ಯಾನು. ತೋಳಿನ ನರಕ್ಕೆ ಒಂದು ಇಂಜೆಕ್ಷನ್, ಆಮೇಲೆ ಮೂರು ಗಂಟೆ ಕಾಯುವುದು, ಬಾಟಲಿಗಟ್ಟಲೆ ನೀರು ಕುಡಿಯುವುದು. ಮದ್ದು ಮೈಯ ಮೂಳೆಗಳಿಗೆಲ್ಲ ಹೋಗಿ ಕೂರಬೇಕಂತೆ. ಆಮೇಲೆ ಕಿರಿದಾದ ಮಂಚದ ಮೇಲೆ ಅಲುಗಾಡದೆ ಮಲಗಿದವಳ ಮೇಲೆ ಕ್ಯಾಮೆರಾ ತಲೆಯಿಂದ ಪಾದದವರೆಗೆ ನಿಧಾನವಾಗಿ ಸರಿಯಿತು. ಅಷ್ಟು ಹೊತ್ತು ಕೈ ಖಾಲಿ ಇಟ್ಟುಕೊಂಡು ಮಲಗಿದ್ದು ಅತ್ತಿಗೆಗೆ ನೆನಪಿರಲಿಲ್ಲ. ಉಳಿದ ಅರವತ್ತು ಕುರ್ಚಿಗಳನ್ನು ಮನಸ್ಸಿನಲ್ಲೇ ಒಂದೊಂದಾಗಿ ಬಿಚ್ಚಿ ಕಟ್ಟಿದಳು. ಮೂವತ್ತೆಂಟಕ್ಕೆ ಬರುವಷ್ಟರಲ್ಲಿ ಮುಗಿಯಿತು ಎಂದರು.

ಆಮೇಲೆ ಸೂಜಿಯಿಂದ ಮೂಳೆಯ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಎಲ್ಲವೂ ಕೈಗೆ ಬಂದ ದಿನ ಡಾಕ್ಟರಮ್ಮ ಪರದೆಯನ್ನು ಅತ್ತಿಗೆಯ ಕಡೆ ತಿರುಗಿಸಿದರು. ಬೂದು ಬಣ್ಣದ ಇಡೀ ಎಲುಬಿನ ಗೂಡು. ಬಲ ತೊಡೆಯ ಬುಡದಲ್ಲಿ ಕಪ್ಪಗೆ ಒಂದು ಮಚ್ಚೆ, ಬೆನ್ನಿನ ಕೆಳಗೆ ಸಣ್ಣವು ಎರಡು.

"ಎದೇಲಿದ್ದ ಕಾಯಿಲೆನೇ ಮೂಳೆಗೆ ಬಂದಿದೆ," ಎಂದರು ಡಾಕ್ಟರಮ್ಮ. "ಇದನ್ನ ಬೇರು ಸಮೇತ ಕಿತ್ತು ಹಾಕೋಕೆ ಆಗಲ್ಲ. ಸುಳ್ಳು ಹೇಳಲ್ಲ ನಾನು. ಆದ್ರೆ ಹಿಡಿದು ಇಡಬಹುದು. ಮಾತ್ರೆ ಬದಲಾಯಿಸ್ತೀವಿ, ಮೂಳೆ ಗಟ್ಟಿ ಮಾಡೋ ಇಂಜೆಕ್ಷನ್ ಇದೆ. ಹೀಗೆ ಹಿಡಿತದಲ್ಲಿಟ್ಕೊಂಡು ವರ್ಷಗಟ್ಟಲೆ ಕೆಲಸ ಮಾಡ್ಕೊಂಡು ಇರೋರನ್ನ ನಾನು ದಿನಾ ನೋಡ್ತೀನಿ. ಈಗ ನನಗೆ ಅವಸರ ಇರೋದು ಈ ತೊಡೆ ಮೂಳೆದು. ಒಳಗೆ ತೆಳ್ಳಗಾಗಿದೆ. ಇನ್ನೊಂದು ಭಾರದ ಕುರ್ಚಿ ಎತ್ತಿದ್ರೂ ಮುರೀಬಹುದಿತ್ತು. ಮುರಿದ ಮೇಲೆ ಮತ್ತೆ ನಡೆಸೋದು ಕಷ್ಟ. ಅದಕ್ಕೇ ಮುರಿಯೋ ಮುಂಚೆನೇ ಒಳಗೊಂದು ಸರಳು ಹಾಕಬೇಕು. ಆಮೇಲೆ ಆ ಜಾಗಕ್ಕೆ ವಿಕಿರಣ ಕೊಡೋಣ."

ನಾದಿನಿಯ ಕಣ್ಣಲ್ಲಿ ನೀರು ಬಂತು. ಅತ್ತಿಗೆ ಪರದೆಯನ್ನೇ ನೋಡುತ್ತಿದ್ದಳು. ತನ್ನ ಒಳಗಿನದನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದನ್ನು ಅವಳು ಇದೇ ಮೊದಲ ಸಲ ನೋಡುತ್ತಿದ್ದದ್ದು.

"ಕುರ್ಚಿ ಕಾಲು ಸೀಳು ಬಿಟ್ರೆ ನಾವೂ ಹಾಗೇ ಮಾಡೋದು," ಎಂದಳು ಕೊನೆಗೆ. "ಕಾಲು ಬದಲಾಯಿಸಲ್ಲ. ತೂತು ಕೊರೆದು ಒಳಗೆ ಕಬ್ಬಿಣದ ಸರಳು ತೂರಿಸ್ತೀವಿ."

"ಆಮೇಲೆ ಎಷ್ಟು ದಿನ ಬಾಳುತ್ತೆ ಆ ಕುರ್ಚಿ?" ಡಾಕ್ಟರಮ್ಮ ನಿಜವಾದ ಕುತೂಹಲದಿಂದಲೇ ಕೇಳಿದರು.

"ಕೂರೋರು ಹೇಗೆ ಕೂರ್ತಾರೋ ಅದರ ಮೇಲೆ." ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾವತ್ತು ಹಾಕ್ತೀರಿ ಸರಳು?"

ಗಂಡ ಹೊರಗೆ ಗೂಡ್ಸ್ ಗಾಡಿಯಲ್ಲಿ ಕಾಯುತ್ತಿದ್ದ. ಸ್ಕ್ಯಾನಿನ ದಿನವೇ ಅವನಿಗೆ ವಿಷಯ ಹೇಳಲಾಗಿತ್ತು. ಫಲಿತಾಂಶ ಅವನು ಕೇಳುವ ಮುಂಚೆ ಅತ್ತಿಗೆಯೇ ಹೇಳಿಬಿಟ್ಟಳು. ಅವನು ಸ್ಟೀರಿಂಗಿನ ಮೇಲೆ ಕೈ ಇಟ್ಟುಕೊಂಡು ಮುಂದೆ ನೋಡುತ್ತ ಕೂತ. ಗಾಡಿ ಶುರು ಮಾಡಲಿಲ್ಲ.

"ದಿನಾ ನಿನ್ನ ಕೈಲಿ ಕುರ್ಚಿ ಇಳಿಸ್ತಿದ್ದೆ ನಾನು," ಎಂದ. "ಆ ತುದಿ ಹಿಡಿ, ಆ ತುದಿ ಹಿಡಿ ಅಂತ. ನಿನ್ನ ಮುಖಾನಾದ್ರೂ ನೋಡಬೇಕಿತ್ತು."

"ನಾನೇ ನೋಡ್ಕೊಂಡಿಲ್ಲ, ನೀವೇನು ನೋಡ್ತೀರಿ?" ಎಂದಳು ಅತ್ತಿಗೆ. ಆಮೇಲೆ, ಇಷ್ಟು ದಿನ ಯಾರ ಮುಂದೆಯೂ ಆಡದ ಮಾತು ತಾನಾಗಿ ಹೊರಗೆ ಬಂತು. "ನನಗೆ ಭಯ ಆಗ್ತಿದೆ ರೀ."

ಅವನು ಸ್ಟೀರಿಂಗ್ ಬಿಟ್ಟು ಅವಳ ಕೈ ಹಿಡಿದುಕೊಂಡ. ಅದೇ ಸೀಟಿನ ತುದಿಯಲ್ಲಿ ನಾದಿನಿ ಕಿಟಕಿಯ ಹೊರಗೆ ನೋಡುತ್ತಿದ್ದಳು. ಬೀದಿಯಲ್ಲಿ ಗಾಡಿಗಳು ಹಾರ್ನ್ ಹೊಡೆಯುತ್ತ ಸುತ್ತಿ ಹೋದವು. ಅತ್ತಿಗೆ ಹಾಗೇ ಒಂದಿಷ್ಟು ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಗಾಡಿ ತೆಗೀರಿ. ಅಡ್ಡ ನಿಲ್ಲಿಸಿದೀವಿ, ಎಲ್ಲರೂ ಬೈತಿದಾರೆ," ಎಂದಳು.

ಆಪರೇಷನ್ ಮುಂದಿನ ವಾರವೇ ಆಯಿತು. ಮೂಳೆ ಮುರಿದಿರಲಿಲ್ಲ. ಸರಳು ಸರಿಯಾಗಿ ಕೂತಿತು. ಎರಡನೆಯ ದಿನ ಅವಳನ್ನು ಎಬ್ಬಿಸಿ ನಿಲ್ಲಿಸಿದರು. ನಾಲ್ಕು ಕಾಲಿನ ಊರುಗೋಲು ಹಿಡಿದು ಆರು ಹೆಜ್ಜೆ ಇಟ್ಟಳು. ಗಾಯ ಒಣಗಿದ ಮೇಲೆ ವಿಕಿರಣ ಶುರುವಾಯಿತು. ಅದು ಮುಗಿಯುವುದರೊಳಗೆ ಅತ್ತಿಗೆ ಅಂಗಡಿಗೆ ಬಂದು ಕೂತಾಗಿತ್ತು, ಡಾಕ್ಟರಮ್ಮನನ್ನು ಕಾಡಿ ಬೇಡಿ ಅನುಮತಿ ಪಡೆದು. ಷರತ್ತು ಒಂದೇ: ಯಾವುದನ್ನೂ ಎತ್ತಬಾರದು. ಇಕ್ಕಳ, ಸೂಜಿ, ಸೀಮೆಸುಣ್ಣ, ಅಷ್ಟೇ.

ಇಪ್ಪತ್ತೆರಡು ವರ್ಷ ಕೈಯಿಂದ ಮಾಡಿದ್ದನ್ನು ಬಾಯಿಂದ ಮಾಡಿಸುವುದು ಅವಳಿಗೆ ಒಗ್ಗಲಿಲ್ಲ. ಮೊದಲ ವಾರ ಕಂಡಕಂಡಲ್ಲಿ ರೇಗಿದಳು.

"ಎಳಿ. ಇನ್ನೂ ಎಳಿ. ರೆಕ್ಸಿನ್ ಅದು, ರೇಷ್ಮೆ ಅಲ್ಲ, ಹರಿಯಲ್ಲ."

"ಎಳೀತಾ ಇದೀನಲ್ಲ ಅತ್ತಿಗೆ."

"ಎಡಗೈಲಿ ಹಿಡಿದು ಬಲಗೈಲಿ ಪಿನ್ ಹೊಡಿ. ಇಲ್ಲಿ ಕೊಡು, ನಾನೇ..."

"ಕೂತ್ಕೊಳ್ಳಿ! ಬಾಯಿ ಎಷ್ಟು ಬೇಕಾದ್ರೂ ಆಡಿಸಿ, ಕಾಲು ಮಾತ್ರ ಆಡಿಸಬೇಡಿ."

ಗಂಡ ಗೂಡ್ಸ್ ಕೆಲಸದ ನಡುವೆ ಬಂದು ಹೊತ್ತಿಳಿಸಿದ. ಪಕ್ಕದ ಬೀಗದ ಅಂಗಡಿಯವನೂ ಕೈ ಜೋಡಿಸಿದ. ನಾದಿನಿ ಬಿಚ್ಚಿದಳು, ಕತ್ತರಿಸಿದಳು, ಅಂಟಿಸಿದಳು, ಹೊದಿಸಿದಳು. ಮುಗಿದ ಪ್ರತಿ ಕುರ್ಚಿಯನ್ನೂ ಅತ್ತಿಗೆಯ ಮುಂದೆ ತಂದಿಟ್ಟರು. ಅವಳು ಎರಡೂ ಅಂಗೈ ಒತ್ತಿ, ಎಣಿಸಿ, ಸರಿ ಎಂದರೆ ಸೀಮೆಸುಣ್ಣದ ಗುರುತು. ಅರವತ್ತರಲ್ಲಿ ಏಳನ್ನು ತಿರುಗಿ ಬಿಚ್ಚಿಸಿದಳು. ಏಳನೆಯದನ್ನು ಬಿಚ್ಚುವಾಗ ನಾದಿನಿ ಗೊಣಗಲಿಲ್ಲ. ತಪ್ಪು ಅವಳಿಗೇ ಮೊದಲು ಗೊತ್ತಾಗಿತ್ತು. ಮ್ಯಾನೇಜರಿಗೆ ಕೊಟ್ಟ ಮಾತು ಉಳಿಯಿತು, ಒಂದೊಂದು ಕುರ್ಚಿಯೂ ಕುರ್ಚಿ ಡಾಕ್ಟರ ಕೈ ದಾಟಿಯೇ ಹೋಯಿತು. ಒಂಬತ್ತು ದಿನ ತಡವಾಗಿ, ಅದು ಬೇರೆ ಮಾತು. ಬಣ್ಣ ಬಳಿಯುವವರು ಅವರಿಗಿಂತ ತಡ ಮಾಡಿದ್ದರಿಂದ ಯಾರೂ ಏನೂ ಅನ್ನಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಎಕ್ಸ್‌ರೇ, ಮತ್ತೆ ಸ್ಕ್ಯಾನು. ಹೊಸ ಮಾತ್ರೆ ಕೆಲಸ ಮಾಡಿದೆಯೋ ಇಲ್ಲವೋ, ಮೂಳೆ ತುಂಬಿಕೊಂಡಿದೆಯೋ, ಕಪ್ಪು ಮಚ್ಚೆ ಬೇರೆಲ್ಲಾದರೂ ಹೊಸದಾಗಿ ಕಂಡಿದೆಯೋ, ಅಂದು ತಿಳಿಯಬೇಕಿತ್ತು. ಬೆಳಿಗ್ಗೆ ಹತ್ತೂವರೆ. ಹೊರಗಿನ ಕೋಣೆಯಲ್ಲಿ ಹನ್ನೆರಡು ಕುರ್ಚಿ, ಹತ್ತು ಜನ. ಎಲ್ಲರೂ ತುದಿಯಲ್ಲಿ.

ಅತ್ತಿಗೆ ಈಗ ಒಂದೇ ಕೋಲು ಹಿಡಿದು ನಡೆಯುತ್ತಿದ್ದಳು. ಕೋಲನ್ನು ನಾದಿನಿಯ ಕೈಗೆ ಕೊಟ್ಟು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಳು. ಒಂದು ಕ್ಷಣ ಬಿಟ್ಟು, ಕೈಯೂರಿ ಹಿಂದಕ್ಕೆ ಸರಿದಳು. ಇನ್ನೂ ಸ್ವಲ್ಪ ಸರಿದು, ಬೆನ್ನನ್ನು ಪೂರ್ತಿ ಒರಗಿಸಿದಳು. ಕುರ್ಚಿ ಕಿರ್ರೆಂದಿತು.

ಪಕ್ಕದಲ್ಲಿ ಫೈಲನ್ನು ಎದೆಗವಚಿ ಕೂತಿದ್ದ ಹೆಂಗಸು ಬೆಚ್ಚಿ ತಿರುಗಿದಳು. ತಲೆಗೆ ಬಟ್ಟೆ ಸುತ್ತಿದ್ದಳು, ಹೊಸಬಳು.

"ಅಯ್ಯೋ, ಮುರಿಯುತ್ತೇನೋ!"

"ಮುರಿಯಲ್ಲ ಬಿಡಮ್ಮ," ಎಂದಳು ಅತ್ತಿಗೆ. "ಅದಕ್ಕೆ ಅಭ್ಯಾಸ ತಪ್ಪಿದೆ, ಅಷ್ಟೇ. ಕುರ್ಚಿ ಗಟ್ಟಿಯಾಗೇ ಇದೆ, ನೀವೂ ಒರಗಿ ಕೂತ್ಕೊಳ್ಳಿ. ಇಲ್ಲಿ ಕಾಯೋದು ಇದ್ದದ್ದೇ."

ಆ ಹೆಂಗಸು ಒರಗಲಿಲ್ಲ. ಆದರೆ ಫೈಲನ್ನು ತೊಡೆಯ ಮೇಲೆ ಇಳಿಸಿಕೊಂಡಳು. ಎಷ್ಟು ದಿನದಿಂದ ಬರುತ್ತಿದ್ದೀರಿ ಎಂದು ಕೇಳಿದಳು. "ನಾಲ್ಕೂವರೆ ವರ್ಷ ಆಯ್ತು. ಇನ್ನೂ ಬರ್ತೀನಿ," ಎಂದಳು ಅತ್ತಿಗೆ. ಆಮೇಲೆ ಕತ್ತು ಬಗ್ಗಿಸಿ, "ಹೊಸ ನೋವು ಇದೆಯಾ ಅಂತ ಕೇಳ್ತಾರೆ. ಚಿಕ್ಕದಿದ್ರೂ ಹೇಳಿ. ನನ್ನ ಹಾಗೆ ಜಾಣತನ ಮಾಡಬೇಡಿ," ಎಂದು ಸೇರಿಸಿದಳು.

ಬಾಗಿಲು ತೆರೆಯಿತು. ನರ್ಸಮ್ಮ ಕಾರ್ಡಿನ ನಂಬರು ಕೂಗಿದರು. ಅತ್ತಿಗೆಯದು.

ನಾದಿನಿ ಕೋಲು ಮುಂದೆ ಹಿಡಿದಳು. ಅತ್ತಿಗೆ ಎರಡೂ ಕಾಲೂರಿ ಎದ್ದಳು, ಕೋಲು ತೆಗೆದುಕೊಂಡಳು, ಎರಡು ಹೆಜ್ಜೆ ಇಟ್ಟಳು. ಹಿಂದೆ ನಾದಿನಿಯ ಸಪ್ಪಳ ಕೇಳಲಿಲ್ಲ. ತಿರುಗಿ ನೋಡಿದರೆ ಅವಳು ಇನ್ನೂ ಅಲ್ಲೇ ನಿಂತಿದ್ದಳು, ಅತ್ತಿಗೆ ಎದ್ದುಬಂದ ಕುರ್ಚಿಯನ್ನು ನೋಡುತ್ತ.

"ಏನೇ ಅದು? ಒಳಗೆ ಕರೀತಿದಾರೆ, ಬಾ."

"ಬನ್ನಿ ಇಲ್ಲಿ. ಒಂದು ನಿಮಿಷ."

ಅತ್ತಿಗೆ ಎರಡು ಹೆಜ್ಜೆ ಹಿಂದಕ್ಕೆ ಬಂದು ಬಗ್ಗಿ ನೋಡಿದಳು. ಹಳೆಯ ಸೀಟಿನಲ್ಲಿ ಅವಳು ಕೂತಿದ್ದ ಗುರುತು ಇನ್ನೂ ಇತ್ತು. ಎಡಗಡೆ ಎಷ್ಟು ಕುಳಿಯೋ ಬಲಗಡೆಯೂ ಅಷ್ಟೇ. ಇಬ್ಬರೂ ತುಟಿಯಲ್ಲೇ ಎಣಿಸುತ್ತ ನಿಂತರು. ನರ್ಸಮ್ಮ ಮತ್ತೊಮ್ಮೆ ನಂಬರು ಕೂಗಿದರು. ಫೋಮು ನಿಧಾನವಾಗಿ, ಎರಡೂ ಕಡೆ ಒಂದೇ ಸಮನೆ, ಮೇಲೇಳುತ್ತಿತ್ತು.